ಬಿಚ್ಚುವ ಮೊದಲು ಅಳೆಯಿರಿ: ಕಾರ್ಬೋರೇಟರ್ ಕಾಲದ ಕಾರುಗಳ ದೋಷ ಪತ್ತೆ

ಎಲ್ಲರಿಗೂ ನಮಸ್ಕಾರ.

ಇವತ್ತಿನ ಮಾತು ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಮತ್ತು ಕಾರ್ಬೋರೇಟರ್ ಇರುವ ಹಳೆಯ ಮಾರುತಿ 800ರ ಬಗ್ಗೆ. ಒಂದರ ಎಂಜಿನ್ 1489 ಸಿ.ಸಿ., ಇನ್ನೊಂದರದು 1089, ಮತ್ತೊಂದರದು 796. ಮೊದಲೆರಡು ನಾಲ್ಕು ಸಿಲಿಂಡರಿನವು, ಮಾರುತಿ ಮೂರು ಸಿಲಿಂಡರಿನದು. ಈ ಕಾರುಗಳಲ್ಲಿ ಕಂಪ್ಯೂಟರ್ ಇಲ್ಲ, ಸ್ಕ್ಯಾನರ್ ಚುಚ್ಚಿ ಕೋಡ್ ಓದುವ ಸೌಲಭ್ಯ ಇಲ್ಲ. ಹಾಗಾಗಿ ಇವುಗಳ ರಿಪೇರಿ ಎಂದರೆ ಅನುಭವಿ ಮೆಕ್ಯಾನಿಕ್‌ನ ಕಿವಿ ಮತ್ತು ಊಹೆ ಎಂದು ಬಹಳ ಜನ ನಂಬಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಈ ಕಾರುಗಳಲ್ಲಿ ಕೆಡುವ ಬಹುತೇಕ ಎಲ್ಲವನ್ನೂ ಅಳೆಯಬಹುದು. ಅಳೆಯದೆ ಪಾರ್ಟ್ ಬದಲಿಸುತ್ತಾ ಹೋಗುವುದರಿಂದಲೇ ಹಳೆಯ ಕಾರು ದುಬಾರಿಯಾಗುವುದು. ಕಾಯಿಲ್ ಹೊಸದು, ಪ್ಲಗ್ ಹೊಸದು, ಪೆಟ್ರೋಲ್ ಪಂಪ್ ಹೊಸದು, ಆದರೂ ಗಾಡಿ ಸಿಗ್ನಲ್‌ನಲ್ಲಿ ನಿಲ್ಲುತ್ತದೆ ಎಂಬ ದೂರು ನಿಮಗೆಲ್ಲ ಗೊತ್ತು.

ಬೇಕಾದ ಸಾಮಾನು ಹೆಚ್ಚೇನಿಲ್ಲ. ಒಂದು ಡಿಜಿಟಲ್ ಮಲ್ಟಿಮೀಟರ್, ಎರಡು ವಯರ್ ಕಟ್ಟಿದ 12 ವೋಲ್ಟಿನ ಬಲ್ಬ್, ಸಣ್ಣ ಸಂದು ಅಳೆಯುವ ತೆಳು ಬಿಲ್ಲೆಗಳ ಫೀಲರ್ ಗೇಜ್, ವ್ಯಾಕ್ಯೂಮ್ ಗೇಜ್, ಕಂಪ್ರೆಷನ್ ಗೇಜ್. ಬೆಂಗಳೂರಿನವರಿಗೆ ಜೆ.ಸಿ. ರಸ್ತೆಯಲ್ಲಿ ಒಂದೇ ಸುತ್ತಿಗೆ ಇಷ್ಟೂ ಸಿಗುತ್ತವೆ. ಜೊತೆಗೆ ನಿಮ್ಮ ಕಾರಿನ ಸರ್ವಿಸ್ ಪುಸ್ತಕ ಇರಲಿ. ನಾನು ಇವತ್ತು ಹೇಳುವ ಅಂಕಿಗಳು ದಾರಿ ತೋರಿಸುವುದಕ್ಕೆ. ಟೈಮಿಂಗ್ (ಕಿಡಿ ಹಾರುವ ಗಳಿಗೆ), ವಾಲ್ವ್ ಕ್ಲಿಯರೆನ್ಸ್, ಬೋಲ್ಟಿನ ಟಾರ್ಕ್ ಇಂಥವನ್ನು ಮಾತ್ರ ನಿಮ್ಮ ಮಾದರಿಯ ಪುಸ್ತಕ ನೋಡಿಯೇ ಇಡಬೇಕು.

ಮೊದಲು ಕರೆಂಟ್

ದೂರು ಏನೇ ಇರಲಿ, ಬ್ಯಾಟರಿಯಿಂದಲೇ ಶುರು ಮಾಡಿ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಪೂರ್ತಿ ಚಾರ್ಜ್ ಇದೆ. 12.2 ಎಂದರೆ ಅರ್ಧ. ಈಗ ಸೆಲ್ಫ್ ಹೊಡೆಯುತ್ತಾ ಮೀಟರ್ ನೋಡಿ. ಅಂಕಿ 9.6 ವೋಲ್ಟಿಗಿಂತ ಕೆಳಗೆ ಬಿದ್ದರೆ ಬ್ಯಾಟರಿ ಸೋತಿದೆ, ಇಲ್ಲವೇ ಸೆಲ್ಫ್ ಮೋಟರ್ ಮಿತಿಮೀರಿ ಎಳೆಯುತ್ತಿದೆ. ಎಂಜಿನ್ ಓಡುವಾಗ ಆಲ್ಟರ್ನೇಟರ್ ಇರುವ ಗಾಡಿಯಲ್ಲಿ 13.8ರಿಂದ 14.4 ಬರಬೇಕು. ಡೈನಮೋ ಇರುವ ಹಳೆಯ ಗಾಡಿಯಲ್ಲಿ ಐಡ್ಲಿಂಗ್‌ನಲ್ಲಿ ಚಾರ್ಜ್ ಆಗದೆ ಕೆಂಪು ದೀಪ ಮಿಣುಕುವುದು ಸಹಜ, ರೇಸ್ ಕೊಟ್ಟಾಗ ಅದು ಆರಬೇಕು. ಇದನ್ನು ತಿಳಿಯದೆ ಒಳ್ಳೆಯ ಡೈನಮೋ ಬಿಚ್ಚಿಸಿದವರಿದ್ದಾರೆ.

ಇನ್ನು ಅರ್ತ್, ಅಂದರೆ ಕರೆಂಟ್ ಬ್ಯಾಟರಿಯ ಮೈನಸ್ಸಿಗೆ ವಾಪಸ್ ಬರುವ ದಾರಿ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಹಳೆಯ ಕಾರಿನ ಅರ್ಧದಷ್ಟು ವಿಚಿತ್ರ ದೂರುಗಳು ಇಲ್ಲಿಂದಲೇ ಹುಟ್ಟುತ್ತವೆ. ಎಂಜಿನ್ ರಬ್ಬರ್ ಮೌಂಟಿನ ಮೇಲೆ ಕೂತಿದೆ, ಬಾಡಿಗೂ ಅದಕ್ಕೂ ಲೋಹದ ಸಂಪರ್ಕ ಇಲ್ಲ. ಆ ಸಂಪರ್ಕ ಕೊಡುವುದು ಹೆಣೆದ ತಾಮ್ರದ ಒಂದು ಪಟ್ಟಿ. ಅದು ಎಣ್ಣೆ ಕುಡಿದು, ಹಸಿರು ಕಿಲುಬು ಹಿಡಿದು, ಬೋಲ್ಟಿನ ಹತ್ತಿರ ಎಳೆ ಎಳೆಯಾಗಿ ಹರಿದಿರುತ್ತದೆ. ಎಂಜಿನ್ ಇಳಿಸಿ ಏರಿಸಿದ ಯಾರೋ ಅದನ್ನು ಕೂರಿಸಲು ಮರೆತಿರುವುದೂ ಉಂಟು. ಆಗ ಸೆಲ್ಫಿಗೆ ಬೇಕಾದ ನೂರಾರು ಆಂಪಿಯರ್ ಕರೆಂಟ್ ಬೇರೆ ದಾರಿ ಹುಡುಕುತ್ತದೆ. ಸಿಗುವ ದಾರಿ ಎಂದರೆ ಆಕ್ಸಿಲರೇಟರ್ ಕೇಬಲ್ ಅಥವಾ ಚೋಕ್ ಕೇಬಲ್. ಕೇಬಲ್ ಕಾಯುತ್ತದೆ, ಒಳಗಿನ ಗ್ರೀಸ್ ಸುಟ್ಟುಹೋಗುತ್ತದೆ, ಮೇಲಿನ ಪ್ಲಾಸ್ಟಿಕ್ ಕರಗುತ್ತದೆ, ಕೆಲವು ದಿನಕ್ಕೆ ಕೇಬಲ್ ಬಿಗಿಯಾಗುತ್ತದೆ. ಚೋಕ್ ಕೇಬಲ್ ಪದೇ ಪದೇ ಹಿಡಿದುಕೊಳ್ಳುತ್ತದೆ ಎಂದು ಮೂರನೆಯ ಕೇಬಲ್ ಹಾಕಿಸುವ ಮುನ್ನ ಸೆಲ್ಫ್ ಹೊಡೆಯುವಾಗ ಅದನ್ನು ಒಮ್ಮೆ ಮುಟ್ಟಿ ನೋಡಿ. ಬೆಚ್ಚಗಾದರೆ ತಪ್ಪು ಕೇಬಲಿನದಲ್ಲ.

ಇದನ್ನು ಅಳೆಯುವುದು ಸುಲಭ. ಮೀಟರನ್ನು 2 ವೋಲ್ಟ್ ಡಿ.ಸಿ. ರೇಂಜಿಗೆ ಇಡಿ. ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬದ ಮೇಲೆ, ಅಂದರೆ ಕ್ಲಾಂಪಿನ ಮೇಲಲ್ಲ, ಸೀಸದ ಕಂಬದ ಮೇಲೆಯೇ. ಇನ್ನೊಂದು ಕಡ್ಡಿ ಎಂಜಿನ್ ಬ್ಲಾಕಿನ ಶುದ್ಧ ಲೋಹದ ಮೇಲೆ. ಗಾಡಿ ಸ್ಟಾರ್ಟ್ ಆಗದಂತೆ ಕಾಯಿಲ್‌ನ ಪ್ಲಸ್ ವಯರ್ ತೆಗೆದಿಟ್ಟು, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. 0.2 ವೋಲ್ಟಿನೊಳಗೆ ಬಂದರೆ ಅರ್ತ್ ಸರಿ ಇದೆ. ಅರ್ಧ ವೋಲ್ಟ್, ಒಂದು ವೋಲ್ಟ್ ಬಂದರೆ ಅಷ್ಟು ವೋಲ್ಟ್ ದಾರಿಯಲ್ಲೇ ನಷ್ಟವಾಗುತ್ತಿದೆ ಎಂದರ್ಥ. ಕಡ್ಡಿಯನ್ನು ಬ್ಲಾಕಿನಿಂದ ಬಾಡಿಗೆ, ಬಾಡಿಯಿಂದ ಕ್ಲಾಂಪಿಗೆ ಒಂದೊಂದೇ ಹೆಜ್ಜೆ ಸರಿಸುತ್ತಾ ಬನ್ನಿ. ಯಾವ ಎರಡು ಬಿಂದುಗಳ ನಡುವೆ ಅಂಕಿ ಥಟ್ಟನೆ ಇಳಿಯುತ್ತದೋ ಅಲ್ಲೇ ತುಕ್ಕು ಇದೆ. ಪ್ಲಸ್ ಕಡೆಯನ್ನೂ ಹೀಗೆಯೇ ನೋಡಿ: ಬ್ಯಾಟರಿ ಪ್ಲಸ್ ಕಂಬದಿಂದ ಸೆಲ್ಫಿನ ದಪ್ಪ ಟರ್ಮಿನಲ್‌ವರೆಗೆ ಅರ್ಧ ವೋಲ್ಟ್ ಮೀರಬಾರದು. ಓಮ್ ರೇಂಜಿನಲ್ಲಿ ಈ ದೋಷ ಸಿಗುವುದಿಲ್ಲ. ನೂರು ಎಳೆಯಲ್ಲಿ ಐದೇ ಉಳಿದಿರುವ ಕೇಬಲ್ ಕೂಡ ಓಮ್ ಮೀಟರಿನಲ್ಲಿ ಸೊನ್ನೆಯನ್ನೇ ತೋರಿಸುತ್ತದೆ. ಲೋಡ್ ಇದ್ದಾಗ ವೋಲ್ಟ್ ಅಳೆದರೆ ಮಾತ್ರ ನಿಜ ಗೊತ್ತಾಗುತ್ತದೆ.

ಹೆಡ್‌ಲೈಟ್ ಮಂದ ಎಂಬ ದೂರಿಗೂ ಇದೇ ಮದ್ದು. ಬಲ್ಬಿಗೆ ಹೋಗುವ ವೋಲ್ಟ್ ಶೇ. 10 ಇಳಿದರೆ ಬೆಳಕು ಸುಮಾರು ಶೇ. 30 ಇಳಿಯುತ್ತದೆ. ಬ್ಯಾಟರಿಯಲ್ಲಿ 13.8 ಇದ್ದು ಬಲ್ಬಿನ ಕನೆಕ್ಟರಿನಲ್ಲಿ 11.5 ಬಂದರೆ ಹೆಚ್ಚು ವ್ಯಾಟಿನ ಬಲ್ಬ್ ಹಾಕುವುದು ಅಪಾಯ, ಹಳೆಯ ಸ್ವಿಚ್ಚು ಮತ್ತು ವಯರ್ ಸುಡುತ್ತವೆ. ಅರ್ತ್ ಶುಚಿ ಮಾಡಿ, ಬ್ಯಾಟರಿಯಿಂದ ಫ್ಯೂಸ್ ಸಮೇತ ನೇರ ವಯರ್ ಎಳೆದು ರಿಲೇ ಹಾಕಿ. ಅದೇ ಬಲ್ಬ್ ಬೇರೆಯದೇ ಬೆಳಕು ಕೊಡುತ್ತದೆ.

ಪಾಯಿಂಟ್, ಕಂಡೆನ್ಸರ್, ಕಾಯಿಲ್

ಕಾಯಿಲಿನ ಕಿಡಿಯನ್ನು ಸರದಿಯಂತೆ ಪ್ಲಗ್ಗುಗಳಿಗೆ ಹಂಚುವುದು ಡಿಸ್ಟ್ರಿಬ್ಯೂಟರ್; ಅದರೊಳಗೆ ತೆರೆದು ಮುಚ್ಚುವ ಸ್ವಿಚ್ಚೇ ಪಾಯಿಂಟ್, ಅದು ತೆರೆದಾಗ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಪಾಯಿಂಟ್ ಇರುವ ಡಿಸ್ಟ್ರಿಬ್ಯೂಟರಿನಲ್ಲಿ ಕ್ರಮ ಮುಖ್ಯ: ಮೊದಲು ಪಾಯಿಂಟ್ ಗ್ಯಾಪ್, ಆಮೇಲೆ ಟೈಮಿಂಗ್. ಗ್ಯಾಪ್ ಹೆಚ್ಚಿದರೆ ಟೈಮಿಂಗ್ ಮುಂದಕ್ಕೆ ಹೋಗುತ್ತದೆ, ಕಡಿಮೆಯಾದರೆ ಹಿಂದಕ್ಕೆ ಬೀಳುತ್ತದೆ. ಕ್ಯಾಮಿಗೆ ಉಜ್ಜುವ ಫೈಬರ್ ಸವೆದಂತೆ ಗ್ಯಾಪ್ ತಾನೇ ಮುಚ್ಚುತ್ತಾ ಬರುವುದರಿಂದ, ಮುಟ್ಟದೆ ಬಿಟ್ಟ ಗಾಡಿಯಲ್ಲಿ ತಿಂಗಳು ಕಳೆದಂತೆ ಪಿಕಪ್ ಕುಸಿಯುತ್ತದೆ. ಅಂಬಾಸಿಡರಿಗೆ 0.35ರಿಂದ 0.40 ಮಿ.ಮೀ., ಉಳಿದವಕ್ಕೆ 0.4ರಿಂದ 0.5ರ ನಡುವೆ ಗ್ಯಾಪ್ ಇರುತ್ತದೆ. ಕ್ಯಾಮಿನ ಮೂಲೆ ಫೈಬರಿನ ನೆತ್ತಿಗೆ ಬರುವಂತೆ ಎಂಜಿನ್ ತಿರುಗಿಸಿ, ಎಣ್ಣೆ ಇಲ್ಲದ ಫೀಲರ್ ಬಿಲ್ಲೆ ತೂರಿಸಿ ನೋಡಿ. ಬಿಲ್ಲೆಯ ಎಣ್ಣೆ ಪಾಯಿಂಟಿಗೆ ಅಂಟಿದರೆ ಸುಟ್ಟು ಕಪ್ಪಾಗುತ್ತದೆ. ಫೈಬರ್ ಉಜ್ಜುವ ಕ್ಯಾಮಿಗೆ ಒಂದು ಚೂರು ಗ್ರೀಸ್ ಮಾತ್ರ ಸವರಿ.

ಹಳೆಯ ಪಾಯಿಂಟಿನ ಒಂದು ಕಡೆ ಗುಳಿ, ಇನ್ನೊಂದು ಕಡೆ ಮೊನೆ ಎದ್ದಿದ್ದರೆ ಫೀಲರ್ ಸುಳ್ಳು ಹೇಳುತ್ತದೆ, ಬಿಲ್ಲೆ ಮೊನೆಯ ಮೇಲೆ ಕೂರುತ್ತದೆ. ಅಂಥದ್ದನ್ನು ಅರದಿಂದ ಉಜ್ಜುವುದಕ್ಕಿಂತ ಬದಲಿಸುವುದು ಒಳ್ಳೆಯದು. ಸ್ವಲ್ಪ ದಿನದಲ್ಲೇ ಮತ್ತೆ ಅದೇ ಗುಳಿ ಬಿದ್ದರೆ ಕಂಡೆನ್ಸರ್ ನೋಡಿ. ಪಾಯಿಂಟ್ ಬಿಡಿಸಿಕೊಳ್ಳುವಾಗ ಹುಟ್ಟುವ ಕಿಡಿಯನ್ನು ನುಂಗುವುದು ಅದರ ಕೆಲಸ. ಅದರ ಬೆಲೆ 0.2 ಮೈಕ್ರೊಫ್ಯಾರಡ್ ಆಸುಪಾಸು, ಕೆಪಾಸಿಟರ್ ರೇಂಜ್ ಇರುವ ಮೀಟರಿನಲ್ಲಿ ಅಳೆಯಬಹುದು. ಕ್ಯಾಪ್ ತೆಗೆದು ಎಂಜಿನ್ ತಿರುಗಿಸುವಾಗ ಪಾಯಿಂಟಿನ ನಡುವೆ ದಪ್ಪ ನೀಲಿ ಕಿಡಿ ಕಂಡರೆ ಅಳೆಯುವುದೂ ಬೇಡ, ಕಂಡೆನ್ಸರ್ ಹೋಗಿದೆ.

ಪಾಯಿಂಟಿನ ಆರೋಗ್ಯ ಹೇಳುವ ಒಂದು ಅಳತೆಯನ್ನು ನಮ್ಮಲ್ಲಿ ಹೆಚ್ಚು ಜನ ಮಾಡುವುದಿಲ್ಲ. ಪಾಯಿಂಟ್ ಮುಚ್ಚಿರುವಂತೆ ಎಂಜಿನ್ ನಿಲ್ಲಿಸಿ, ಕೀ ಆನ್ ಮಾಡಿ, ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ಟರ್ಮಿನಲ್ ಮತ್ತು ಬ್ಯಾಟರಿ ಮೈನಸ್ ನಡುವೆ ವೋಲ್ಟ್ ನೋಡಿ. 0.2ರ ಒಳಗಿರಬೇಕು. ಹೆಚ್ಚಿದ್ದರೆ ಪಾಯಿಂಟಿನ ಮೇಲೆ ಕೊಳೆ ಇದೆ, ಇಲ್ಲವೇ ಬೇಸ್ ಪ್ಲೇಟಿನ ಅರ್ತ್ ವಯರ್ ಹರಿದಿದೆ. ಎರಡನೆಯದು ಕಣ್ಣಿಗೆ ಬೀಳುವುದು ಕಷ್ಟ. ಹತ್ತಿಯ ಹೊದಿಕೆಯೊಳಗೇ ವಯರ್ ತುಂಡಾಗಿ, ಟೈಮಿಂಗ್ ಮುಂದಕ್ಕೆ ಸರಿಸುವ ವ್ಯಾಕ್ಯೂಮ್ ಅಡ್ವಾನ್ಸ್ ಎಳೆದಾಗ ಮಾತ್ರ ಸಂಪರ್ಕ ತಪ್ಪುತ್ತಿರುತ್ತದೆ. ಗಾಡಿ ನಿಂತಲ್ಲಿ ಚೆನ್ನಾಗಿ ಓಡಿ ರಸ್ತೆಯಲ್ಲಿ ಮಾತ್ರ ಮಿಸ್ಸಿಂಗ್ ಹೊಡೆಯುವುದಕ್ಕೆ ಇದೊಂದು ಕಾರಣ.

ಟೈಮಿಂಗಿಗೆ ಗನ್ ಇಲ್ಲದಿದ್ದರೆ ಬಲ್ಬ್ ಸಾಕು. ಅದೇ ಟರ್ಮಿನಲ್ಲಿಗೂ ಅರ್ತಿಗೂ ನಡುವೆ ಬಲ್ಬ್ ಕಟ್ಟಿ. ಒಂದನೇ ಸಿಲಿಂಡರ್ ಕಂಪ್ರೆಷನ್‌ಗೆ ಬಂದು ರೋಟರ್ ಅದರ ವಯರಿಗೆ ಮುಖ ಮಾಡಿದಾಗ, ಪುಲ್ಲಿ ಅಥವಾ ಫ್ಲೈವೀಲಿನ ಗುರುತನ್ನು ಪುಸ್ತಕ ಹೇಳಿದ ಡಿಗ್ರಿಗೆ ಸರಿಯಾಗಿ ನಿಲ್ಲಿಸಿ. ಡಿಸ್ಟ್ರಿಬ್ಯೂಟರ್ ಸಡಿಲಿಸಿ ನಿಧಾನವಾಗಿ ತಿರುಗಿಸಿ, ಬಲ್ಬ್ ಹೊತ್ತುವ ಆ ಕ್ಷಣದಲ್ಲೇ ಬಿಗಿ ಮಾಡಿ. ಪಾಯಿಂಟ್ ತೆರೆದುಕೊಂಡ ಗಳಿಗೆ ಅದೇ. ವಯರ್ ಹಾಕುವ ಫೈರಿಂಗ್ ಆರ್ಡರ್ ಅಂಬಾಸಿಡರ್, ಪದ್ಮಿನಿಗೆ 1-3-4-2, ಮಾರುತಿಗೆ 1-3-2. ಇಷ್ಟು ಮಾಡಿಯೂ ಟೈಮಿಂಗ್ ಕುಣಿಯುತ್ತಿದ್ದರೆ ರೋಟರ್ ಕೂರುವ ಶಾಫ್ಟನ್ನು ಅಡ್ಡಕ್ಕೆ ಅಲ್ಲಾಡಿಸಿ. ಆಟ ಕಂಡರೆ ಬುಷ್ ಸವೆದಿದೆ. ಲೇತಿನಲ್ಲಿ ಹೊಸ ಬುಷ್ ಹೊಡೆಸದೆ ಎಷ್ಟು ಪಾಯಿಂಟ್ ಬದಲಿಸಿದರೂ ಪ್ರಯೋಜನವಿಲ್ಲ.

ಕಾಯಿಲ್ ಕೊಳ್ಳುವಾಗ ಮೀಟರ್ ಜೊತೆಗಿರಲಿ. ಬ್ಯಾಲಸ್ಟ್ (ಕಾಯಿಲಿಗೆ ಹೋಗುವ ಕರೆಂಟ್ ತಗ್ಗಿಸುವ ರೆಸಿಸ್ಟರ್) ಇಲ್ಲದ ಕಾರಿಗೆ ಪ್ರೈಮರಿಯಲ್ಲಿ, ಅಂದರೆ ಎರಡು ಸಣ್ಣ ಟರ್ಮಿನಲ್ಲುಗಳ ನಡುವೆ, ಸುಮಾರು 3 ಓಮಿನ ಕಾಯಿಲ್ ಬೇಕು, ಆಗ ಹರಿಯುವುದು 4 ಆಂಪಿಯರ್. ಬ್ಯಾಲಸ್ಟ್ ರೆಸಿಸ್ಟರ್ ಜೊತೆ ಬಳಸಬೇಕಾದ 1.5 ಓಮಿನ ಕಾಯಿಲನ್ನು ನೇರ 12 ವೋಲ್ಟಿಗೆ ಕಟ್ಟಿದರೆ 8 ಆಂಪಿಯರ್ ಹರಿಯುತ್ತದೆ. ನೋಡಲು ಎರಡೂ ಒಂದೇ ಡಬ್ಬಿ. ಗಾಡಿ ಥಟ್ಟನೆ ಸ್ಟಾರ್ಟ್ ಆಗುತ್ತದೆ, ಕಿಡಿ ಜೋರಾಗಿರುತ್ತದೆ, ಮಾಲೀಕರಿಗೆ ಖುಷಿ. ಅರ್ಧ ಗಂಟೆಯಲ್ಲಿ ಕಾಯಿಲ್ ಮುಟ್ಟಲಾಗದಷ್ಟು ಕಾದು ಕಿಡಿ ಸತ್ತುಹೋಗುತ್ತದೆ, ಪಾಯಿಂಟೂ ಸುಡುತ್ತದೆ.

ಬಿಸಿಯಾದ ಮೇಲೆ ನಿಲ್ಲುವ ಗಾಡಿ

ಬೆಳಿಗ್ಗೆ ಚೆನ್ನಾಗಿ ಹೊರಡುತ್ತದೆ, ಅರ್ಧ ಗಂಟೆ ಓಡಿ ನಿಲ್ಲುತ್ತದೆ, ಇಪ್ಪತ್ತು ನಿಮಿಷ ಬಿಟ್ಟರೆ ಮತ್ತೆ ಸ್ಟಾರ್ಟ್. ಹಳೆಯ ಕಾರುಗಳಲ್ಲಿ ತಪ್ಪು ರಿಪೇರಿ ಅತಿ ಹೆಚ್ಚು ನಡೆಯುವುದು ಈ ದೂರಿನ ಹೆಸರಿನಲ್ಲಿ. ಕಾರಣ ಸರಳ: ಗ್ಯಾರೇಜಿಗೆ ತಲುಪುವ ಹೊತ್ತಿಗೆ ದೋಷ ಮಾಯವಾಗಿರುತ್ತದೆ. ಮೆಕ್ಯಾನಿಕ್ ಮುಂದೆ ಚೆನ್ನಾಗಿರುವ ಗಾಡಿ ಇದೆ, ಅವರು ಊಹಿಸದೆ ಇನ್ನೇನು ಮಾಡಬೇಕು? ಹಾಗಾಗಿ ಈ ಪರೀಕ್ಷೆ ನಡೆಯಬೇಕಾದದ್ದು ಗಾಡಿ ನಿಂತ ಜಾಗದಲ್ಲಿ, ನಿಂತ ಮೊದಲ ಐದು ನಿಮಿಷದಲ್ಲಿ. ಅದಕ್ಕೆ ಡಿಕ್ಕಿಯಲ್ಲಿ ಒಂದು ಒಳ್ಳೆಯ ಪ್ಲಗ್, ಬಲ್ಬು, ಒಂದು ಬಾಟಲಿ ನೀರು, ಒಂದು ಬಟ್ಟೆ ಇಟ್ಟುಕೊಳ್ಳಿ.

ಗಾಡಿಯನ್ನು ಪಕ್ಕಕ್ಕೆ ಹಾಕಿ, ಮೊದಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ನಿಧಾನ ತಿರುಗಿಸಿ ಕಿವಿಗೊಡಿ. ಒಳಕ್ಕೆ ಗಾಳಿ ಎಳೆದುಕೊಳ್ಳುವ ಸುಯ್ ಸದ್ದು ಬಂದರೆ ಮುಚ್ಚಳದ ಗಾಳಿರಂಧ್ರ ಮುಚ್ಚಿದೆ. ಪಂಪ್ ಎಳೆದಷ್ಟೂ ಟ್ಯಾಂಕಿನಲ್ಲಿ ನಿರ್ವಾತ ಬೆಳೆದು ಪೆಟ್ರೋಲ್ ನಿಂತಿದೆ. ಎಷ್ಟೋ ಗಾಡಿಗಳಲ್ಲಿ ಬೇರೆ ಮಾದರಿಯ ಮುಚ್ಚಳ ಹಾಕಿದ ಮೇಲೆ ಈ ಕಾಯಿಲೆ ಶುರುವಾಗಿರುತ್ತದೆ.

ಸದ್ದು ಬರಲಿಲ್ಲವೆಂದರೆ ಕಿಡಿ ನೋಡಿ. ಒಂದು ಪ್ಲಗ್ ವಯರ್ ತೆಗೆದು ಜೊತೆಗಿರುವ ಪ್ಲಗ್ಗಿಗೆ ಸಿಕ್ಕಿಸಿ, ಪ್ಲಗ್ಗಿನ ಮೈ ಬ್ಲಾಕಿಗೆ ಗಟ್ಟಿಯಾಗಿ ತಾಗುವಂತೆ ಕಾರ್ಬೋರೇಟರಿನಿಂದ ದೂರ ಇಟ್ಟು ಸೆಲ್ಫ್ ಹೊಡೆಸಿ. ಹತ್ತಿರದಲ್ಲಿ ಪೆಟ್ರೋಲ್ ಸೋರಿರಬಾರದು. ಕಿಡಿ ಇಲ್ಲ ಅಥವಾ ಹಳದಿ ಬಣ್ಣದಲ್ಲಿ ಸೊರಗಿದೆ ಎಂದಾದರೆ ಪೆಟ್ರೋಲ್ ಕಡೆ ಹೋಗಲೇಬೇಡಿ, ಕಾಯಿಲ್ ಅಥವಾ ಕಂಡೆನ್ಸರ್. ಬಲ್ಬನ್ನು ಕಾಯಿಲಿನ ಡಿಸ್ಟ್ರಿಬ್ಯೂಟರ್ ಟರ್ಮಿನಲ್ಲಿಗೆ ಕಟ್ಟಿ ಸೆಲ್ಫ್ ಹೊಡೆದಾಗ ಅದು ಹೊತ್ತಿ ಆರಿ ಹೊತ್ತಿ ಆರಿ ಮಾಡಿದರೆ ಪಾಯಿಂಟ್ ಕೆಲಸ ಮಾಡುತ್ತಿದೆ. ಆದರೂ ಕಿಡಿ ಇಲ್ಲವೆಂದರೆ ಕಾಯಿಲಿನ ಮೇಲೆ ಅನುಮಾನ ಗಟ್ಟಿಯಾಗುತ್ತದೆ. ಬಲ್ಬ್ ಹೊತ್ತಲೇ ಇಲ್ಲವೆಂದರೆ ಒಂದೋ ಕಾಯಿಲಿಗೆ ಕರೆಂಟ್ ಬರುತ್ತಿಲ್ಲ, ಇಲ್ಲವೇ ಕಂಡೆನ್ಸರ್ ಶಾರ್ಟ್ ಆಗಿದೆ. ಡಿಸ್ಟ್ರಿಬ್ಯೂಟರ್ ಕಡೆಯ ವಯರ್ ಬಿಡಿಸಿ ಮತ್ತೆ ನೋಡಿದರೆ ಎರಡರಲ್ಲಿ ಯಾವುದು ಎಂದು ಬೇರೆಯಾಗುತ್ತದೆ. ಕಾಯಿಲಿನ ಟರ್ಮಿನಲ್ಲಿನಲ್ಲಿ ಆಗಲೂ ಬಲ್ಬ್ ಹೊತ್ತದಿದ್ದರೆ ಕರೆಂಟೇ ಇಲ್ಲ.

ಕಿಡಿ ಚೆನ್ನಾಗಿದ್ದರೆ ಕೀ ಆಫ್ ಮಾಡಿ, ಏರ್ ಕ್ಲೀನರ್ ತೆಗೆದು ಕಾರ್ಬೋರೇಟರಿನ ಬಾಯೊಳಗೆ ನೋಡುತ್ತಾ ಆಕ್ಸಿಲರೇಟರ್ ಲಿವರ್ ಎಳೆಯಿರಿ. ಸಣ್ಣ ಧಾರೆಯಾಗಿ ಪೆಟ್ರೋಲ್ ಚಿಮ್ಮಬೇಕು. ಚಿಮ್ಮಿದರೆ ಕಾರ್ಬೋರೇಟರಿನ ಪುಟ್ಟ ತೊಟ್ಟಿಯಾದ ಫ್ಲೋಟ್ ಚೇಂಬರಿನಲ್ಲಿ ಪೆಟ್ರೋಲ್ ಇದೆ. ಒಣಗಿದ್ದರೆ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ನಿಧಾನವಾಗಿ ನೀರು ಹನಿಸಿ ಎರಡು ನಿಮಿಷ ಬಿಟ್ಟು ಸೆಲ್ಫ್ ಹೊಡೆಯಿರಿ. ಬಿಸಿ ಬ್ಲಾಕಿಗೂ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೂ ನೀರು ಬೀಳದಿರಲಿ, ಎರಕದ ಕಬ್ಬಿಣ ಸೀಳುತ್ತದೆ. ತಂಪಾದ ಕೂಡಲೇ ಪೆಟ್ರೋಲ್ ಬಂದರೆ ಅದು ವೇಪರ್ ಲಾಕ್, ಅಂದರೆ ಶಾಖಕ್ಕೆ ಪೆಟ್ರೋಲ್ ಆವಿಯಾಗಿ ದಾರಿ ಕಟ್ಟಿದೆ. ಆಗ ಪಂಪ್ ಬದಲಿಸುವ ಮೊದಲು ಪಂಪಿಗೂ ಬ್ಲಾಕಿಗೂ ನಡುವೆ ಇರಬೇಕಾದ ದಪ್ಪ ಬೇಕಲೈಟ್ ತುಂಡು ಇದೆಯೇ ನೋಡಿ. ಶಾಖ ತಡೆಯುವುದು ಅದೇ. ಹಿಂದಿನ ರಿಪೇರಿಯಲ್ಲಿ ಅದು ಮುರಿದು, ಬದಲಿಗೆ ಎರಡು ಕಾಗದದ ಗ್ಯಾಸ್ಕೆಟ್ ಹಾಕಿರುವುದು ತುಂಬಾ ಸಾಮಾನ್ಯ. ಆ ತುಂಡಿನ ದಪ್ಪವೇ ಪಂಪಿನ ಲಿವರ್ ಎಷ್ಟು ಆಡಬೇಕೆಂದು ನಿರ್ಧರಿಸುವುದರಿಂದ, ಅಂದಾಜಿನ ದಪ್ಪದ್ದನ್ನು ಹಾಕಬಾರದು. ಪೆಟ್ರೋಲ್ ಪೈಪು ಎಕ್ಸಾಸ್ಟಿನ ಪಕ್ಕ ಹಾದಿದ್ದರೆ ಬೇರೆ ದಾರಿಯಲ್ಲಿ ತನ್ನಿ.

ನೀರು ಹನಿಸಿದರೂ ಬರಲಿಲ್ಲ, ಹತ್ತು ನಿಮಿಷ ಸುಮ್ಮನೆ ಬಿಟ್ಟರೆ ಬಂತು ಎಂದರೆ ಟ್ಯಾಂಕಿನೊಳಗೆ ತುಕ್ಕಿನ ಪದರ ಎದ್ದಿದೆ. ಎಳೆತಕ್ಕೆ ಪೈಪಿನ ಬಾಯಿಗೆ ಬಂದು ಅಂಟುತ್ತದೆ, ಎಂಜಿನ್ ನಿಂತಾಗ ತಳಕ್ಕೆ ಬೀಳುತ್ತದೆ. ಪಾರದರ್ಶಕ ಫಿಲ್ಟರಿನಲ್ಲಿ ಕಂದು ಪುಡಿ ಇದ್ದರೆ ಟ್ಯಾಂಕ್ ಇಳಿಸಿ ತೊಳೆಯದೆ ಬೇರೆ ದಾರಿಯಿಲ್ಲ.

ಒಂದು ಎಚ್ಚರಿಕೆ. ನಿಂತ ಗಾಡಿಯ ಕಾರ್ಬೋರೇಟರಿಗೆ ಮೇಲಿಂದ ಪೆಟ್ರೋಲ್ ಸುರಿದು ಸೆಲ್ಫ್ ಹೊಡೆಸುವ ರೂಢಿ ನಮ್ಮ ರಸ್ತೆಗಳಲ್ಲಿ ಇನ್ನೂ ಇದೆ. ಒಂದು ಬ್ಯಾಕ್‌ಫೈರ್ ಬಂದರೆ ಸುರಿಯುವವರ ಕೈಯಲ್ಲಿರುವ ಬಾಟಲಿಗೇ ಬೆಂಕಿ ಹತ್ತುತ್ತದೆ. ದಯವಿಟ್ಟು ಮಾಡಬೇಡಿ, ನಿಮ್ಮ ಮುಂದೆ ಯಾರಾದರೂ ಮಾಡಿದರೆ ತಡೆಯಿರಿ.

ಗೇಜ್ ಮತ್ತು ಊರಿನ ಎತ್ತರ

ವ್ಯಾಕ್ಯೂಮ್ ಗೇಜನ್ನು ಇಂಟೇಕ್ ಮ್ಯಾನಿಫೋಲ್ಡಿಗೆ ಸಿಕ್ಕಿಸಿದರೆ ಎಂಜಿನ್ನಿನ ಉಸಿರಾಟವೇ ಮುಳ್ಳಿನಲ್ಲಿ ಕಾಣುತ್ತದೆ. ಪುಸ್ತಕಗಳು ಐಡ್ಲಿಂಗ್‌ನಲ್ಲಿ 17ರಿಂದ 21 ಇಂಚು (ಪಾದರಸದ ಅಳತೆಯಲ್ಲಿ) ಎನ್ನುತ್ತವೆ. ಅದು ಸಮುದ್ರ ಮಟ್ಟದ ಲೆಕ್ಕ, ಮಂಗಳೂರಿಗೆ, ಕಾರವಾರಕ್ಕೆ ಸರಿ. ಬೆಂಗಳೂರು 900 ಮೀಟರಿಗಿಂತ ಮೇಲಿದೆ, ಸಾವಿರ ಅಡಿಗೆ ಸುಮಾರು ಒಂದು ಇಂಚಿನಂತೆ ಇಲ್ಲಿ ಮೂರು ಇಂಚು ಕಳೆಯಬೇಕು. ಬೆಂಗಳೂರಿನಲ್ಲಿ 16 ತೋರಿಸುವ ಎಂಜಿನ್ ಆರೋಗ್ಯವಾಗಿದೆ. ಮಡಿಕೇರಿಯಲ್ಲಿ ಇನ್ನೂ ಕಡಿಮೆ ಬರುತ್ತದೆ. ಕಂಪ್ರೆಷನ್ ಗೇಜಿನಲ್ಲೂ ಬೆಂಗಳೂರಿನ ಅಂಕಿ ಸಮುದ್ರ ಮಟ್ಟದ್ದಕ್ಕಿಂತ ಸುಮಾರು ಶೇ. 10 ಕಡಿಮೆ. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ‘ಕಂಪ್ರೆಷನ್ ಇಲ್ಲ, ಬೋರ್ ಮಾಡಿಸಿ’ ಎನ್ನುವುದು ಅನ್ಯಾಯ.

ಮುಳ್ಳು ಅಲುಗದೆ ಕೆಳಗಿದ್ದರೆ ಟೈಮಿಂಗ್ ಹಿಂದೆ ಬಿದ್ದಿದೆ ಅಥವಾ ಎಲ್ಲೋ ಗಾಳಿ ಎಳೆಯುತ್ತಿದೆ. ಒಂದೇ ಲಯದಲ್ಲಿ ಕೆಳಕ್ಕೆ ಜಗ್ಗುತ್ತಿದ್ದರೆ ಒಂದು ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ರೇಸ್ ಹಿಡಿದಿಟ್ಟಾಗ ಮುಳ್ಳು ನಿಧಾನ ಸೊನ್ನೆಯತ್ತ ಇಳಿದರೆ ಸೈಲೆನ್ಸರ್ ಒಳಗೆ ಮುಚ್ಚಿಹೋಗಿದೆ. ಗಾಳಿ ಎಳೆಯುವ ಜಾಗ ಹುಡುಕಲು ಪೆಟ್ರೋಲೋ ಕಾರ್ಬ್ ಕ್ಲೀನರೋ ಸಿಂಪಡಿಸುವುದು ಬೇಡ. ಮ್ಯಾನಿಫೋಲ್ಡ್ ಗ್ಯಾಸ್ಕೆಟಿನ ಸುತ್ತ, ಕಾರ್ಬೋರೇಟರಿನ ಬುಡದಲ್ಲಿ, ಥ್ರಾಟಲ್ ಶಾಫ್ಟಿನ ಎರಡೂ ತುದಿಯಲ್ಲಿ ಸಿರಿಂಜಿನಿಂದ ನೀರು ಬಿಡಿ. ಬಿರುಕಿದ್ದಲ್ಲಿ ನೀರು ಮುಚ್ಚಿದ ಕ್ಷಣ ಎಂಜಿನ್ ಶಬ್ದ ಬದಲಾಗುತ್ತದೆ. ಥ್ರಾಟಲ್ ಶಾಫ್ಟ್ ಸವೆದ ಕಾರ್ಬೋರೇಟರಿಗೆ ಎಷ್ಟು ರಿಪೇರಿ ಕಿಟ್ ಹಾಕಿದರೂ ಐಡ್ಲಿಂಗ್ ನಿಲ್ಲುವುದಿಲ್ಲ. ಬುಷ್ ಹೊಡೆಸಬೇಕು.

ಕಾರ್ಬೋರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ರಂಧ್ರದ ಜೆಟ್ ಶುಚಿ ಮಾಡಲು ಗಾಳಿ ಮತ್ತು ಕ್ಲೀನರ್ ಮಾತ್ರ ಬಳಸಿ. ತಂತಿ ತೂರಿಸಿದರೆ ಹಿತ್ತಾಳೆ ಸವೆದು ರಂಧ್ರ ದೊಡ್ಡದಾಗುತ್ತದೆ, ಆಮೇಲೆ ಮೈಲೇಜ್ ಬರುವುದಿಲ್ಲ. ಮಿಕ್ಸ್ಚರ್ ಸ್ಕ್ರೂ ಇಡುವುದು ಎಲ್ಲಕ್ಕಿಂತ ಕೊನೆಯ ಕೆಲಸ, ಎಂಜಿನ್ ಪೂರ್ತಿ ಬಿಸಿಯಾದ ಮೇಲೆ.

ಹೀಟ್ ಆಗುವುದು

ಬೆಂಗಳೂರಿನ ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೆ ಕುದಿಯುತ್ತದೆ. 0.9 ಕೆ.ಜಿ. ಒತ್ತಡ ತಡೆಯುವ ರೇಡಿಯೇಟರ್ ಕ್ಯಾಪ್ ಹಾಕಿದರೆ ಅದು 115 ಡಿಗ್ರಿ ದಾಟುತ್ತದೆ. ಅಂದರೆ ಎಂಜಿನ್ನನ್ನು ಕಾಯುವ ಸುಮಾರು 20 ಡಿಗ್ರಿ ಆ ಪುಟ್ಟ ಕ್ಯಾಪಿನ ರಬ್ಬರಿನಲ್ಲಿದೆ. ಹೀಟ್ ಆಗುವ ಗಾಡಿಗೆ ಮೊದಲು ಹೊಸ ಕ್ಯಾಪ್ ಹಾಕಿ ನೋಡಿ, ಪುಸ್ತಕದಲ್ಲಿ ಹೇಳಿದ ಒತ್ತಡದ್ದೇ ಇರಲಿ. ಊಹೆಯ ಮೇಲೆ ಬದಲಿಸಬಹುದಾದ ಪಾರ್ಟ್ ಎಂದರೆ ನನ್ನ ಪ್ರಕಾರ ಇದೊಂದೇ.

ಥರ್ಮೋಸ್ಟಾಟ್ ಕಿತ್ತೆಸೆಯುವ ಪದ್ಧತಿ ನಿಲ್ಲಬೇಕು. ‘ನಮ್ಮ ಹವೆಗೆ ಅದು ಬೇಡ’ ಎಂದು ಹೇಳಿ ತೆಗೆಯುತ್ತಾರೆ. ಆಗ ಹೆದ್ದಾರಿಯಲ್ಲಿ ಎಂಜಿನ್ 60 ಡಿಗ್ರಿಯ ಹತ್ತಿರವೇ ಉಳಿಯುತ್ತದೆ, ಪೆಟ್ರೋಲ್ ಪೂರ್ತಿ ಆವಿಯಾಗದೆ ಸಿಲಿಂಡರ್ ಗೋಡೆಯ ಎಣ್ಣೆ ತೊಳೆಯುತ್ತದೆ, ರಿಂಗ್ ಬೇಗ ಸವೆಯುತ್ತದೆ. ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಒಂದು ಪಾತ್ರೆ ನೀರಿನಲ್ಲಿ ದಾರ ಕಟ್ಟಿ ಇಳಿಬಿಡಿ, ತಳಕ್ಕೆ ತಾಗಬಾರದು. ಥರ್ಮಾಮೀಟರ್ ಹಾಕಿ ಕಾಯಿಸಿ. ಮೈಮೇಲೆ 82 ಎಂದು ಬರೆದಿದ್ದರೆ ಆ ಆಸುಪಾಸಿನಲ್ಲಿ ತೆರೆಯಲು ಶುರುವಾಗಿ, ನೀರು ಕುದಿಯುವ ಮುನ್ನ ಪೂರ್ತಿ ತೆರೆಯಬೇಕು.

ಬೋರ್‌ವೆಲ್ ನೀರು ರೇಡಿಯೇಟರಿಗೆ ವಿಷ. ಬಾಯ್ಲರಿನ ತಳದಲ್ಲಿ ಕಟ್ಟುವ ಬಿಳಿ ಸುಣ್ಣವೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಎಂಜಿನ್ ಬಿಸಿಯಾದಾಗ ಎಂಜಿನ್ ನಿಲ್ಲಿಸಿ ಇನ್‌ಫ್ರಾರೆಡ್ ಥರ್ಮಾಮೀಟರನ್ನು ರೇಡಿಯೇಟರಿನ ಉದ್ದಗಲಕ್ಕೆ ಹಾಯಿಸಿ. ಶಾಖ ಹಂತಹಂತವಾಗಿ ಇಳಿಯುತ್ತಾ ಹೋಗುವುದು ಸರಿ, ನಡುವೆ ಒಂದು ಭಾಗ ಮಾತ್ರ ತಣ್ಣಗಿದ್ದರೆ ಅಲ್ಲಿ ಕೊಳವೆ ಮುಚ್ಚಿದೆ. ರಾಡಿಂಗ್ (ಕೊಳವೆಗಳಿಗೆ ಸರಳು ತೂರಿಸಿ ಶುಚಿ) ಮಾಡಿಸಿ, ಆಮೇಲೆ ಡಿಸ್ಟಿಲ್ಡ್ ವಾಟರಿಗೆ ಮೂರನೇ ಒಂದು ಭಾಗವಾದರೂ ಕೂಲೆಂಟ್ ಬೆರೆಸಿ ತುಂಬಿ.

ಹೆಡ್ ಗ್ಯಾಸ್ಕೆಟ್ ಅನುಮಾನ ಬಂದರೆ ತಣ್ಣನೆಯ ಎಂಜಿನ್ನಿನಲ್ಲಿ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ. ಗಾಳಿಗುಳ್ಳೆ ನಿಲ್ಲದೆ ಬರುತ್ತಿದ್ದರೆ, ಅಥವಾ ಕ್ಯಾಪ್ ಹಾಕಿದ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೆ ಸಿಲಿಂಡರಿನ ಗ್ಯಾಸ್ ನೀರಿಗೆ ನುಗ್ಗುತ್ತಿದೆ. ಅಕ್ಕಪಕ್ಕದ ಎರಡು ಸಿಲಿಂಡರಿನ ಕಂಪ್ರೆಷನ್ ಒಟ್ಟಿಗೆ ಬಿದ್ದಿದ್ದರೂ ಅದೇ ಸೂಚನೆ. ಮಾರುತಿಯ ಅಲ್ಯೂಮಿನಿಯಂ ಹೆಡ್ ಬಲುಬೇಗ ಸೊಟ್ಟಗಾಗುತ್ತದೆ. ಪೂರ್ತಿ ತಣಿದ ಮೇಲೆಯೇ ಬೋಲ್ಟ್ ಬಿಚ್ಚಿ, ಹೊರಗಿನಿಂದ ಒಳಕ್ಕೆ ಸ್ವಲ್ಪ ಸ್ವಲ್ಪವಾಗಿ. ಹೆಡ್ ಮೇಲೆ ಉಕ್ಕಿನ ನೇರ ಪಟ್ಟಿ ಇಟ್ಟು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಫೀಲರ್ ತೂರಿಸಿ. 0.05 ಮಿ.ಮೀ. ಬಿಲ್ಲೆ ಒಳಗೆ ಹೋದರೆ ಫೇಸಿಂಗ್ (ಮೇಲ್ಮೈ ಸಮತಟ್ಟು) ಮಾಡಿಸದೆ ಹೊಸ ಗ್ಯಾಸ್ಕೆಟ್ ಹಾಕಬೇಡಿ, ನಾಲ್ಕು ತಿಂಗಳಲ್ಲಿ ಮತ್ತೆ ಅಲ್ಲೇ ಹೋಗುತ್ತದೆ. ಬಿಗಿ ಮಾಡುವುದು ನಡುವಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ, ಟಾರ್ಕ್ ರೆಂಚಿನಿಂದ.

ಬ್ರೇಕ್

ಇಲ್ಲಿ ಪ್ರಯೋಗಕ್ಕೆ ಜಾಗವಿಲ್ಲ. ಡಾಟ್ 3 ಬ್ರೇಕ್ ಆಯಿಲ್ ಹೊಸದಿದ್ದಾಗ 205 ಡಿಗ್ರಿವರೆಗೆ ಕುದಿಯುವುದಿಲ್ಲ. ಗಾಳಿಯ ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯಬಹುದು. ಆಗುಂಬೆಯನ್ನೋ ಚಾರ್ಮಾಡಿಯನ್ನೋ ಇಳಿಯುವಾಗ ಪೆಡಲ್ ಮೆತ್ತಗಾಗುವುದು ಇದರಿಂದ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ, ಘಾಟಿಯಲ್ಲಿ ಎರಡನೇ ಗೇರಿನಲ್ಲಿ ಇಳಿಯಿರಿ.

ಬ್ರೇಕ್ ಹಿಡಿದುಕೊಂಡೇ ಉಳಿಯುತ್ತಿದ್ದರೆ, ಹಿಡಿದ ಸ್ಥಿತಿಯಲ್ಲೇ ಆ ಚಕ್ರದ ಆಯಿಲ್ ಹೊರಬಿಡುವ ಬ್ಲೀಡ್ ನಿಪ್ಪಲ್ ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಬಿಟ್ಟರೆ ಸಿಲಿಂಡರ್ ಸರಿ ಇದೆ, ಒತ್ತಡ ಮೇಲೆಲ್ಲೋ ಸಿಕ್ಕಿಕೊಂಡಿದೆ. ಒಂದೇ ಚಕ್ರವಾದರೆ ರಬ್ಬರ್ ಹೋಸ್ ಒಳಗೇ ಊದಿದೆ, ಹೊರಗಿನಿಂದ ಹೊಸದರಂತೆ ಕಾಣುತ್ತದೆ. ನಾಲ್ಕೂ ಚಕ್ರವಾದರೆ ಮಾಸ್ಟರ್ ಸಿಲಿಂಡರಿನ ಪುಷ್‌ರಾಡಿಗೆ ಫ್ರೀ ಪ್ಲೇ ಇಲ್ಲದೆ ಆಯಿಲ್ ವಾಪಸ್ ಬರುವ ರಂಧ್ರ ಮುಚ್ಚಿಕೊಂಡಿದೆ. ನಿಪ್ಪಲ್ ಸಡಿಲಿಸಿದರೂ ಚಕ್ರ ಬಿಡದಿದ್ದರೆ ವೀಲ್ ಸಿಲಿಂಡರ್ ಪಿಸ್ಟನ್ ತುಕ್ಕು ಹಿಡಿದಿದೆ. ಬ್ರೇಕಿನ ರಬ್ಬರನ್ನು ಪೆಟ್ರೋಲ್, ಡೀಸೆಲಿನಲ್ಲಿ ತೊಳೆಯಬಾರದು, ಊದಿಕೊಳ್ಳುತ್ತದೆ. ಹಳೆಯ ಲೈನಿಂಗಿನಲ್ಲಿ ಕಲ್ನಾರು ಇರಬಹುದು, ಡ್ರಮ್ಮಿನ ಪುಡಿಯನ್ನು ಗಾಳಿ ಹೊಡೆದು ಹಾರಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ.

ಸಭೆಯಲ್ಲಿ ಬಂದ ಪ್ರಶ್ನೆಗಳು

*ಈಗ ಬಂಕಿನಲ್ಲಿ ಸಿಗುವ ಶೇ. 20 ಎಥನಾಲ್ ಪೆಟ್ರೋಲ್ ಈ ಕಾರುಗಳಿಗೆ ಹಾಕಬಹುದೇ?*

ಹಾಕದೆ ಬೇರೆ ದಾರಿ ಕಡಿಮೆ, ಹಾಗಾಗಿ ಕಾರನ್ನು ಅದಕ್ಕೆ ಸಿದ್ಧ ಮಾಡಿಕೊಳ್ಳಬೇಕು. ಟ್ಯಾಂಕಿನಿಂದ ಕಾರ್ಬೋರೇಟರ್‌ವರೆಗಿನ ಎಲ್ಲ ರಬ್ಬರ್ ಹೋಸ್ ಬದಲಿಸಿ ಎಥನಾಲ್ ತಡೆಯುವ ವೈಟಾನ್ ಒಳಪದರದ ಹೋಸ್ ಹಾಕಿ. ಹಳೆಯ ರಬ್ಬರ್ ಒಳಗಿನಿಂದ ಕರಗಿ ಕಪ್ಪು ಚೂರು ಜೆಟ್ಟಿಗೆ ಬರುತ್ತದೆ, ಇಲ್ಲವೇ ಬಿರಿದು ಬಿಸಿ ಎಂಜಿನ್ ಮೇಲೆ ಸೋರುತ್ತದೆ. ಪಂಪಿನ ಡಯಾಫ್ರಾಮ್ ಕೂಡ ಅಂಥದ್ದೇ ಬೇಕು. ಎಥನಾಲ್ ಟ್ಯಾಂಕಿನ ಹಳೆಯ ಅಂಟು, ತುಕ್ಕನ್ನು ಎಬ್ಬಿಸುವುದರಿಂದ ಮೊದಲ ಕೆಲವು ಟ್ಯಾಂಕ್ ಮುಗಿಯುವವರೆಗೆ ಫಿಲ್ಟರ್ ಮೇಲೆ ಕಣ್ಣಿಡಿ. ಶುದ್ಧ ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕು, ಈ ಮಿಶ್ರಣಕ್ಕೆ ಸುಮಾರು 13.5 ಸಾಕು. ಕಾರ್ಬೋರೇಟರಿಗೆ ಅದು ಗೊತ್ತಾಗದ ಕಾರಣ ಎಂಜಿನ್ ಲೀನ್ ಆಗಿ, ಅಂದರೆ ಗಾಳಿ ಹೆಚ್ಚು ಪೆಟ್ರೋಲ್ ಕಡಿಮೆ ಆಗಿ ಓಡುತ್ತದೆ: ಬೆಳಿಗ್ಗೆ ಚೋಕ್ ಹೆಚ್ಚು ಹೊತ್ತು ಬೇಕಾಗುತ್ತದೆ, ಎಳೆಯುವಾಗ ಮುಗ್ಗರಿಸುತ್ತದೆ, ಪ್ಲಗ್ಗಿನ ತುದಿ ಬೆಳ್ಳಗಾಗುತ್ತದೆ. ಅದು ಕಂಡರೆ ಮೇನ್ ಜೆಟ್ ಒಂದು ಅಳತೆ ದೊಡ್ಡದು ಹಾಕಿ ಮತ್ತೆ ಪ್ಲಗ್ ನೋಡಿ. ತಿಂಗಳುಗಟ್ಟಲೆ ನಿಲ್ಲಿಸುವ ಕಾರಾದರೆ ಫ್ಲೋಟ್ ಚೇಂಬರ್ ಖಾಲಿ ಮಾಡಿ ಇಡಿ. ನೀರು ಹೀರಿದ ಎಥನಾಲ್ ತಳದಲ್ಲಿ ಬೇರೆಯಾಗಿ ನಿಂತು ಕಾರ್ಬೋರೇಟರಿನ ಲೋಹವನ್ನು ತಿಂದು ಬಿಳಿ ಪುಡಿ ಮಾಡುತ್ತದೆ.

*ಹೊಗೆ ಬರುತ್ತದೆ, ಎಂಜಿನ್ ಇಳಿಸಬೇಕು ಎನ್ನುತ್ತಾರೆ. ನಿಜವೇ?*

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಬುಸ್ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್ ಗಟ್ಟಿಯಾಗಿದೆ. ಅಷ್ಟಕ್ಕೆ ಎಂಜಿನ್ ಇಳಿಸಬೇಕಿಲ್ಲ. ಏರಿನಲ್ಲಿ ಎಳೆಯುವಾಗ ನಿರಂತರ ನೀಲಿ ಹೊಗೆ ಬಂದರೆ ಕಂಪ್ರೆಷನ್ ನೋಡಿ. ಎಂಜಿನ್ ಬಿಸಿ ಇರಲಿ, ಎಲ್ಲ ಪ್ಲಗ್ ಬಿಚ್ಚಿ, ಕಾಯಿಲ್ ವಯರ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಪ್ರತಿ ಸಿಲಿಂಡರಿಗೂ ಒಂದೇ ಸಮ ಹೊತ್ತು ಸೆಲ್ಫ್ ಹೊಡೆಯಿರಿ. ಅತಿ ಹೆಚ್ಚು, ಅತಿ ಕಡಿಮೆ ನಡುವೆ ಶೇ. 15ಕ್ಕಿಂತ ವ್ಯತ್ಯಾಸ ಇದ್ದರೆ, ಕಡಿಮೆ ಇರುವ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಏರಿದರೆ ರಿಂಗ್ ಅಥವಾ ಬೋರ್. ಏರದಿದ್ದರೆ ವಾಲ್ವ್, ಹೆಡ್ ಕೆಲಸ ಮಾತ್ರ ಸಾಕು. ಈ ಅಂಕಿಗಳನ್ನು ಬರೆದು ತೋರಿಸದೆ ಯಾರಾದರೂ ಎಂಜಿನ್ ಇಳಿಸಲು ಹೇಳಿದರೆ ಒಪ್ಪಬೇಡಿ.

*ಹದಿನೈದು ವರ್ಷ ದಾಟಿದ ಗಾಡಿ ಹೊಗೆ ತಪಾಸಣೆಯಲ್ಲಿ ಫೇಲ್ ಆಗುತ್ತದೆ. ಎಲ್ಲಿಂದ ನೋಡಬೇಕು?*

ಚೀಟಿಯಲ್ಲಿ ಎರಡು ಅಂಕಿ ಇರುತ್ತವೆ. ಭಾರತ್ ಸ್ಟೇಜ್ 2 ಹೊಗೆ ನಿಯಮಕ್ಕಿಂತ ಹಿಂದಿನ ಪೆಟ್ರೋಲ್ ಕಾರಿಗೆ ಕಾರ್ಬನ್ ಮೊನಾಕ್ಸೈಡ್ ಶೇ. 3, ಹೈಡ್ರೋಕಾರ್ಬನ್ 1500 ಪಿ.ಪಿ.ಎಂ. ಮಿತಿ. ಮೊದಲನೆಯದು ಹೆಚ್ಚಿದ್ದರೆ ಪೆಟ್ರೋಲ್ ಹೆಚ್ಚಾಗಿದೆ: ಏರ್ ಫಿಲ್ಟರ್ ಕಟ್ಟಿದೆಯೇ, ಚೋಕ್ ಪೂರ್ತಿ ತೆರೆಯುತ್ತಿದೆಯೇ, ಫ್ಲೋಟ್ ನೀಡಲ್ ಸೋರಿ ಮಟ್ಟ ಏರಿದೆಯೇ ಎಂದು ಇದೇ ಕ್ರಮದಲ್ಲಿ ನೋಡಿ, ಕೊನೆಗೆ ಮಿಕ್ಸ್ಚರ್ ಸ್ಕ್ರೂ. ಮೊನಾಕ್ಸೈಡ್ ಕಡಿಮೆ ಇದ್ದು ಹೈಡ್ರೋಕಾರ್ಬನ್ ಮಾತ್ರ ಏರಿದ್ದರೆ ಪೆಟ್ರೋಲ್ ಉರಿಯದೆ ಹೊರಬರುತ್ತಿದೆ. ಪ್ಲಗ್, ಪ್ಲಗ್ ವಯರ್, ಪಾಯಿಂಟ್ ಅಥವಾ ಮ್ಯಾನಿಫೋಲ್ಡಿನಲ್ಲಿ ಗಾಳಿ ಎಳೆತ ಕಾರಣ, ಸ್ಕ್ರೂ ಮುಟ್ಟಬೇಡಿ. ತಪಾಸಣೆಗೆ ಹೋಗುವ ಮುನ್ನ ಕನಿಷ್ಠ ಹದಿನೈದು ನಿಮಿಷ ಓಡಿಸಿ, ಎಂಜಿನ್ ಬಿಸಿ ಇರುವಾಗಲೇ ನಳಿಕೆ ಹಾಕಿಸಿ. ಸೈಲೆನ್ಸರಿನಲ್ಲಿ ತೂತಿದ್ದರೆ ಹೊರಗಾಳಿ ಸೇರಿ ಅಂಕಿ ತಪ್ಪಾಗುವುದರಿಂದ ಅದನ್ನು ಮೊದಲೇ ಬೆಸುಗೆ ಹಾಕಿಸಿಕೊಳ್ಳಿ.